ಹತ್ತೋಕೂ ಇಳಿಯೋಕೂ ಒಂದೇ ಬೂಟು

ಇಪ್ಪತ್ತೈದು ವರ್ಷಗಳಿಂದ ಸಿಲ್ವೋನ ಸಂಸಾರ ಒಂದೇ ಒಂದು ವಾಕ್ಯದ ಮೇಲೆ ಸುಖವಾಗಿ ನಿಂತಿತ್ತು: "ನನ್ನ ಹತ್ರ ಅದಕ್ಕೆ ಬೂಟಿಲ್ಲ."

ಚಳಿಗಾಲದ ಭಾನುವಾರಗಳಲ್ಲಿ ಅವನ ಹೆಂಡತಿ ಮಿಲೇನಾ ಹಿಂದಕ್ಕೆ ಜಾರದಂತೆ ಸ್ಕೀಗಳ ಅಡಿಗೆ ರೋಮದ ಪಟ್ಟಿ ಅಂಟಿಸಿಕೊಂಡು ಬೆಟ್ಟವನ್ನು ತನ್ನ ಸ್ವಂತ ಕಾಲಿನಿಂದ ಹತ್ತುವವಳು. ಸಿಲ್ವೋ ಹಗ್ಗಕ್ಕೆ ತೂಗುವ ಲಿಫ್ಟಿನ ಕುರ್ಚಿಯಲ್ಲಿ ಕೂತು ಹತ್ತಿ, ಜಾರಿಕೊಂಡು ಇಳಿದು, ಮತ್ತೆ ಕುರ್ಚಿಯಲ್ಲಿ ಕೂತು ಹತ್ತುವವನು. (ಟಿಕೆಟ್ಟಿಗೆ ದುಡ್ಡು ಕೊಟ್ಟ ಮೇಲೆ ಕುರ್ಚಿ ತಣ್ಣಗಾಗಲು ಬಿಡುವುದು ವ್ಯಾಪಾರಿಯ ಲಕ್ಷಣವಲ್ಲ.) ಅವಳ ಬೂಟು ಕಣಕಾಲಿನ ಹತ್ತಿರ ಆರಾಮವಾಗಿ ಬಗ್ಗುತ್ತಿತ್ತು. ಅವನದು ಸಿಮೆಂಟಿನಲ್ಲಿ ಕಾಲು ಹೂತ ಹಾಗೆ ಸೆಟೆದು ನಿಲ್ಲುತ್ತಿತ್ತು. ಹತ್ತುವವರಿಗೆ ಬಗ್ಗಬೇಕು, ಇಳಿಯುವವರಿಗೆ ಬಗ್ಗಬಾರದು. ಲೋಕದ ವ್ಯವಸ್ಥೆಯೇ ಹಾಗಿರುವಾಗ ಸಿಲ್ವೋ ಏನು ಮಾಡಿಯಾನು? "ಒಂದು ಸಲ ನೀನೂ ಬಾ ಮಾರಾಯ" ಎಂದು ಮಿಲೇನಾ ಕರೆದಾಗಲೆಲ್ಲ ಅವನು ಮುಖವನ್ನು ಇಷ್ಟುದ್ದ ಮಾಡಿಕೊಂಡು ಆ ವಾಕ್ಯ ಹೇಳುತ್ತಿದ್ದ. ಹೇಳಿ ಲಿಫ್ಟಿನ ಕಡೆಗೆ ಹೊರಡುತ್ತಿದ್ದ.

ಆ ವಾಕ್ಯವನ್ನು ತನ್ನ ಕೈಯಾರೆ ಮುರಿದುಕೊಂಡವನೂ ಅವನೇ. ಮದುವೆಯ ಬೆಳ್ಳಿಹಬ್ಬದ ಊಟಕ್ಕೆ ಬಂಧುಬಳಗವೆಲ್ಲ ಸೇರಿತ್ತು. ವೈನು ಧಾರಾಳವಾಗಿತ್ತು. ಸಿಲ್ವೋ ಎದ್ದು ನಿಂತು, ಲೋಟ ಎತ್ತಿ, ಯಾರೂ ಕೇಳದಿದ್ದರೂ ಪ್ರತಿಜ್ಞೆ ಮಾಡಿಬಿಟ್ಟ: "ನಾನು ಮಿಲೇನಾಳನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದು ರೆಜ್ಕಾ ಅತ್ತೆಯ ಬೆಟ್ಟದ ಮನೆಯಲ್ಲಿ. ಬರೋ ಭಾನುವಾರ ಅಲ್ಲಿಗೆ ಅವಳ ಪಕ್ಕದಲ್ಲೇ ಹತ್ತಿ, ಅವಳ ಪಕ್ಕದಲ್ಲೇ ಇಳೀತೀನಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಲೇನಾಳ ಕಣ್ಣು ಒದ್ದೆಯಾಯಿತು. (ಮದುವೆಯ ಮಾತು ಕೇಳಲು ಹೋದ ದಿನ ಅವನು ಆಲೂಗಡ್ಡೆ ಮೂಟೆಗಳ ನಡುವೆ ಕೂತು, ಬೆಟ್ಟಕ್ಕೆ ಸಾಮಾನು ಸಾಗಿಸುವ ತೂಗುಹಗ್ಗದ ತೊಟ್ಟಿಯಲ್ಲಿ ಮೇಲೆ ಹೋಗಿದ್ದ ಎಂಬುದನ್ನು ಆ ಗಳಿಗೆಯಲ್ಲಿ ಯಾರೂ ಎತ್ತಲಿಲ್ಲ.)

ಮರುದಿನ ಕಾಫಿ ಹೊತ್ತಿಗೆ ಅವಳು ಮೆತ್ತಗೆ ಹೇಳಿದಳು, "ಆಗದಿದ್ರೆ ಪರವಾಗಿಲ್ಲ ಸಿಲ್ವೋ. ಹೇಗೂ ಲಾಡೋ ಬರ್ತಾನೆ."

ಲಾಡೋ ಊರಿನ ಹಲ್ಲಿನ ಡಾಕ್ಟರು, ಮಿಲೇನಾಳ ಬೆಟ್ಟದ ಬಳಗದವನು. ಕೊಬ್ಬಿಲ್ಲದ ಮೈ, ಹೆಂಡತಿಯಿಲ್ಲದ ಮನೆ. ಬೆಳ್ಳಿಹಬ್ಬದ ಭಾನುವಾರ ತನ್ನ ಹೆಂಡತಿ ಆ ಮನುಷ್ಯನ ಎದುರು ಕೂತು ರೆಜ್ಕಾ ಅತ್ತೆಯ ಗಿಣ್ಣಿನ ಕಡುಬು ತಿನ್ನುವ ಚಿತ್ರ ಕಣ್ಣೆದುರು ಬಂದದ್ದೇ ತಡ, ಸಿಲ್ವೋ ಟೋಪಿ ಹಾಕಿಕೊಂಡು ಎದ್ದ.

ಈಗ ಬೂಟು ಬೇಕು. ಆದರೆ ಹತ್ತಲೊಂದು ಜೋಡಿ, ಇಳಿಯಲೊಂದು ಜೋಡಿ ಇಟ್ಟುಕೊಳ್ಳುವುದು ಅವನ ಜಾಯಮಾನಕ್ಕೆ ಒಗ್ಗದ ಸಂಗತಿ. ಕಮ್ನಿಕ್ ಪೇಟೆಯಲ್ಲಿ ನಲ್ಲಿ, ಷವರು, ಬಚ್ಚಲ ಟೈಲ್ಸು ಮಾರುವ ಅಂಗಡಿ ಅವನದು. ಬಿಸಿನೀರಿಗೆ ಒಂದು, ತಣ್ಣೀರಿಗೆ ಒಂದು ನಲ್ಲಿ ಕೊಳ್ಳಲು ಬಂದವರಿಗೆ ಎರಡನ್ನೂ ಕೊಡುವ ಒಂದೇ ನಲ್ಲಿಯನ್ನು ಹೆಚ್ಚಿನ ಬೆಲೆಗೆ ಮಾರುವುದರಲ್ಲಿ ಅವನು ಸಿದ್ಧಹಸ್ತ. ನಲ್ಲಿಗೆ ಸಲ್ಲುವುದು ಬೂಟಿಗೆ ಏಕೆ ಸಲ್ಲಬಾರದು? ಹೀಗೆ ಹುಟ್ಟಿತು ಅವನ ಮಹಾ ಏಕಪಾದುಕಾ ಸಿದ್ಧಾಂತ.

ಶುಕ್ರವಾರ ಸಂಜೆ ಶಾಲೆಯ ವ್ಯಾಯಾಮದ ಹಾಲಿನಲ್ಲಿ ಹಳೆಯ ಸ್ಕೀ ಸಾಮಾನಿನ ಸಂತೆ. ಅಲ್ಲಿ ಒಬ್ಬ ಹೆಂಗಸಿನ ಮುಂದೆ ಗಿಳಿಹಸಿರು ಬಣ್ಣದ ಒಂದು ಜೋಡಿ ಕೂತಿತ್ತು, ಜೊತೆಗೆ ಅದಕ್ಕೆಂದೇ ಹೊಂದಿಸಿದ ಸ್ಕೀಗಳು.

"ಇದು ಎರಡಕ್ಕೂ ಆಗುತ್ತೆ. ಹತ್ತೋಕೂ ಸೈ, ಇಳಿಯೋಕೂ ಸೈ" ಎಂದಳು ಹೆಂಗಸು.

ಸಿಲ್ವೋನ ಎದೆ ಕುಣಿಯಿತು, ಮುಖ ಕುಣಿಯಲಿಲ್ಲ. ಹಳಸಿದ ಸೊಪ್ಪನ್ನು ಎತ್ತುವ ಹಾಗೆ ಬೂಟನ್ನು ಎರಡೇ ಬೆರಳಲ್ಲಿ ಎತ್ತಿದ. "ಬಣ್ಣ ಕಪ್ಪೆಯದು" ಎಂದ. "ತೂಕ ಎಮ್ಮೆಯದು" ಎಂದ. ಹಿಮ್ಮಡಿಯ ಹಿಂದೆ ಒಂದು ಪುಟ್ಟ ಚಿಲಕವಿತ್ತು. ಅದರ ಪಕ್ಕ ಏನೋ ಗುರುತು ಇದ್ದದ್ದು ಸವೆದು ಅಳಿಸಿಹೋಗಿತ್ತು.

"ಈ ಚಿಲಕ ಹೇಗೆ ಅಂತ ತೋರಿಸ್ಲಾ?" ಎಂದಳು ಅವಳು.

ವ್ಯಾಪಾರ ಗೊತ್ತಿದ್ದವರಿಗೆ ಇಲ್ಲಿನ ಸೂಕ್ಷ್ಮ ಅರ್ಥವಾದೀತು. ಕೊಳ್ಳುವವನು "ಇದು ಹೇಗೆ?" ಎಂದು ಕೇಳಿದ ಕ್ಷಣ ಮಾರುವವಳ ಬೆನ್ನು ನೆಟ್ಟಗಾಗುತ್ತದೆ, ಬೆಲೆಯೂ ನೆಟ್ಟಗಾಗುತ್ತದೆ. ಸಿಲ್ವೋ ನಕ್ಕ. "ಅಮ್ಮಾ, ನಾನು ನಡೆಯೋದು ಕಲಿಯೋಕೆ ಮುಂಚೆ ಸ್ಕೀ ಕಲಿತವನು."

ಅವಳು ಹೆಗಲು ಕುಣಿಸಿದಳು. ಅರ್ಧ ಬೆಲೆಗೆ ಬೂಟೂ ಸ್ಕೀಗಳೂ ಅವನ ಕಾರಿಗೆ ಏರಿದವು.

ಅವರ ಮನೆಯಲ್ಲಿ ಹೊಸಿಲು ದಾಟಿದ ಮೇಲೆ ಬಟ್ಟೆಯ ಚಪ್ಪಲಿ ಬಿಟ್ಟು ಬೇರೇನೂ ನೆಲ ಮುಟ್ಟುವಂತಿಲ್ಲ. (ಆ ಚಪ್ಪಲಿಗಳದೂ ದಿನಾ ರಗಳೆ. ಗಂಡಹೆಂಡಿರ ಪಾದದ ಅಳತೆ ಒಂದೇ ಆದ್ದರಿಂದ ಯಾರು ಮೊದಲು ಎದ್ದರೋ ಅವರಿಗೆ ಬೆಚ್ಚಗಿನ ಜೋಡಿ. ಸಿಲ್ವೋ ಮಾತ್ರ ಹೊರಗೆ ತನ್ನದು ಒಂದು ಸೈಜು ದೊಡ್ಡದೆಂದೇ ಹೇಳಿಕೊಳ್ಳುತ್ತಿದ್ದ.) ಬೂಟು ಹಾಕಿಕೊಂಡು ನಡುಮನೆಗೆ ಕಾಲಿಡಹೊರಟವನನ್ನು ಮಿಲೇನಾ ಅಡ್ಡಗಟ್ಟಿದಳು.

"ಮರದ ನೆಲ ಕಣೋ ಅದು! ನಿಲ್ಲು ಅಲ್ಲೇ!"

"ಕಾಲಿಗೆ ಒಗ್ಗಿಸ್ಕೋಬೇಡ್ವೇನೆ?"

"ನಿನ್ನ ಕಾಲಿಗೆ ಒಗ್ಗಿಸೋಕೆ ನನ್ನ ನೆಲ ಕೆತ್ತಬೇಕಾ?"

ಕೊನೆಗೆ ಅವಳೇ ಎರಡು ಹಳೆಯ ಉಣ್ಣೆ ಟೋಪಿ ತಂದು, ಮಂಡಿಯೂರಿ ಕೂತು ಎರಡೂ ಬೂಟುಗಳಿಗೆ ತೊಡಿಸಿದಳು. ತೊಡಿಸುವಾಗ ಹಿಂದಿನ ಚಿಲಕವನ್ನು ಒಮ್ಮೆ ಟಕ್ ಎನಿಸಿ ನೋಡಿದಳು. "ಸಿಲ್ವೋ, ಈ ಚಿಲಕ—"

"ಗೊತ್ತು! ನಡೆಯೋದು ಕಲಿಯೋಕೆ ಮುಂಚೆ ಸ್ಕೀ ಕಲಿತವನು ನಾನು."

ಚಿಲಕದ ತರ್ಕವನ್ನು ಅವನು ದಾರಿಯಲ್ಲೇ ಬಗೆಹರಿಸಿಕೊಂಡಾಗಿತ್ತು. ಮೇಲೆ ಹೋಗಲು ಚಿಲಕ ಮೇಲಕ್ಕೆ, ಕೆಳಗೆ ಬರಲು ಚಿಲಕ ಕೆಳಕ್ಕೆ. ಇದಕ್ಕಿಂತ ಸರಳ ಇನ್ನೇನಿದೆ? ಹಾಗೆಂದುಕೊಂಡು ಚಿಲಕ ಮೇಲೆ ಮಾಡಿ, ತಲೆಗೆ ಹಾಕುವುದನ್ನು ಕಾಲಿಗೆ ಹಾಕಿಕೊಂಡು, ಅಟ್ಟದ ಮೆಟ್ಟಿಲು ಹತ್ತಿದ. ಮೊಣಕಾಲು ಬಗ್ಗಿತು, ಕಣಕಾಲು ಬಗ್ಗಲಿಲ್ಲ. ಮದುವೆ ಕೇಕಿನ ಮೇಲಿನ ಗೊಂಬೆಯ ಹಾಗೆ ಅಡ್ಡಡ್ಡ ವಾಲುತ್ತ ಮೇಲೆ ಮುಟ್ಟಿ, "ಹೊಸದಲ್ವಾ, ಬಿಗಿ ಇದೆ" ಎಂದು ಕೂಗಿ ಹೇಳಿದ.

ಶನಿವಾರ ಲಿಫ್ಟಿನ ಬೆಟ್ಟದಲ್ಲಿ ಇಳಿಜಾರಿನ ಪರೀಕ್ಷೆ. ತುದಿಯಲ್ಲಿ ನಿಂತು ಚಿಲಕ ಕೆಳಗೆ ಮಾಡಿದ. ಮೊದಲ ತಿರುವಿನಲ್ಲೇ ಅವನ ಕಾಲುಗಳು ಒಂದಕ್ಕೊಂದು ಪರಿಚಯವಿಲ್ಲದವರ ಹಾಗೆ ಬೇರೆಬೇರೆ ದಿಕ್ಕು ಹಿಡಿದವು. ಬೂಟಿನೊಳಗೆ ಕಾಲು ಗಂಜಿಯೊಳಗಿನ ಸೌಟಿನಂತೆ ಆಡಿತು. ಮುಂದೆ ಬಗ್ಗಿದರೆ ಮೂಗು ಹಿಮಕ್ಕೆ, ಹಿಂದೆ ವಾಲಿದರೆ ಅಂಡು ಹಿಮಕ್ಕೆ. ಕೆಂಪು ಮಫ್ಲರಿನ ಅಜ್ಜಿಯೊಬ್ಬರು ಅವನನ್ನು ಸುತ್ತು ಹಾಕಿಕೊಂಡು ಹೋಗುವಾಗ, "ಮೊದಲ ಪಾಠವಾ ಮಗಾ? ಧೈರ್ಯ ಬಿಡಬೇಡ" ಎಂದು ಹರಸಿ ಹೋದರು.

ಮನೆಗೆ ಬಂದಾಗ ಕಿವಿಯೊಳಗೂ ಹಿಮವಿತ್ತು.

"ಹೇಗಿತ್ತು?" ಎಂದಳು ಮಿಲೇನಾ, ಸೇಬು ಕಚ್ಚುತ್ತ.

"ಇಳಿಯೋಕೆ ಒಂಚೂರು ಸಡಿಲ. ಅಂದ್ರೆ ಏನರ್ಥ? ಹತ್ತೋಕೇ ಅಂತ ಮಾಡಿದ ಬೂಟು. ನಾಳೆ ನೋಡ್ತಿರು."

"ಸಿಲ್ವೋ, ಆ ಚಿಲಕ ಇದೆಯಲ್ಲ—"

"ಮಿಲೇನಾ, ನಾನು ನಡೆಯೋದು..."

"...ಕಲಿಯೋಕೆ ಮುಂಚೆ. ಸರಿಯಪ್ಪ" ಎಂದು ಅವಳು ಇನ್ನೊಂದು ತುಂಡು ಸೇಬು ಕಚ್ಚಿದಳು.

ಭಾನುವಾರ ಆಕಾಶ ತೊಳೆದಿಟ್ಟ ಪಿಂಗಾಣಿಯ ಹಾಗಿತ್ತು. ಲಾಡೋ "ನಿಮ್ಮ ಬೆಳ್ಳಿಹಬ್ಬದ ಫೋಟೋ ತೆಗೆಯೋಕೆ" ಎಂಬ ನೆಪದಲ್ಲಿ ಬಂದಿದ್ದ. ಸಿಲ್ವೋ ಗಂಭೀರವಾಗಿ ಚಿಲಕ ಮೇಲೆ ಮಾಡಿ ಹೊರಟ. ಒಂದಿಷ್ಟು ದೂರ ಹೋಗುವಷ್ಟರಲ್ಲಿ ಪೈನ್ ಮರಗಳು ಅವನ ಕಣ್ಣಿಗೆ ಎರಡೆರಡಾಗಿ ಕಾಣತೊಡಗಿದವು. ಮಿಲೇನಾಳ ಕಾಲು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಸರಿಯುತ್ತಿದ್ದರೆ, ಅವನು ತನ್ನ ಎರಡು ಕಾಲನ್ನು ಬೀರುವಿನ ಹಾಗೆ ಒಂದೊಂದಾಗಿ ಎತ್ತಿ ಇಡುತ್ತಿದ್ದ.

"ಸಿಲ್ವೋ, ಹಲ್ಲು ಕೀಳಿಸಿಕೊಳ್ಳೋರೂ ಇಷ್ಟು ನರಳಲ್ಲ ಮಾರಾಯ" ಎಂದ ಲಾಡೋ.

"ನರಳ್ತಿಲ್ಲ. ಹಾಡ್ತಿದ್ದೀನಿ."

ಮಿಲೇನಾ ತಿರುವಿನಲ್ಲಿ ನಿಂತು ಕಾದಳು. "ಬೂಟು ಹೇಗಿದೆ? ಒಂದು ಮಾತು ಹೇಳ್ಲಾ?"

"ಬೂಟು ಚಿನ್ನ! ಏನೂ ಹೇಳ್ಬೇಡ. ನಾನು ನಡೆಯೋದು..." ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

ಅಂತೂ ಮುಟ್ಟಿದ. ಮಾತು ಉಳಿಸಿಕೊಂಡ, ಕನಿಷ್ಠ ಹತ್ತುವ ಅರ್ಧವನ್ನು. ರೆಜ್ಕಾ ಅತ್ತೆ ಬಾಗಿಲಲ್ಲೇ ಚಪ್ಪಲಿಯ ಬುಟ್ಟಿ ಮುಂದಿಟ್ಟರು. "ಈ ಸಲ ಆಲೂಗಡ್ಡೆ ಜೊತೆ ಬರಲಿಲ್ವೇನೋ?" ಎಂದು ಕೆನ್ನೆ ಹಿಂಡಿದರು. ಬೂಟು ಕಳಚಿ ಕಾಲನ್ನು ಒಲೆಯ ಕಡೆ ಚಾಚಿದಾಗ ಸಿಲ್ವೋಗೆ ಮೋಕ್ಷವೆಂಬುದು ಪಾದದಿಂದ ಶುರುವಾಗುತ್ತದೆ ಎನ್ನಿಸಿತು. ಗಿಣ್ಣಿನ ಕಡುಬು ಬಂತು. ಬ್ಲೂಬೆರಿ ಬ್ರಾಂದಿ ಬಂತು. ಮಿಲೇನಾ ಅವನ ಭುಜಕ್ಕೆ ತಲೆ ಆನಿಸಿದಳು. ಅಲ್ಲಿಗೆ ಅವನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬ್ರಾಂದಿ ಒಳಗೆ ಹೋದಂತೆ ಭಾಷಣ ಹೊರಗೆ ಬಂತು.

"ಕೇಳಿ ಎಲ್ಲರೂ! ಹತ್ತೋಕೂ ಇಳಿಯೋಕೂ ಒಂದೇ ಬೂಟು ಅನ್ನೋದು ಶುದ್ಧ ಮೋಸ. ನಾನೇ ಎರಡೂ ಪರೀಕ್ಷೆ ಮಾಡಿದ್ದೀನಿ. ಇಳಿಯುವಾಗ ಗಂಜಿ, ಹತ್ತುವಾಗ ಗೋಡೆ. ಎರಡಕ್ಕೂ ಆಗುವ ಬೂಟು ಎರಡಕ್ಕೂ ಆಗದ ಬೂಟು!"

"ಹಾಗಾದ್ರೆ ಅದು ನಿನಗೆ ಬೇಡ?" ಎಂದಳು ಮಿಲೇನಾ ತಲೆ ಎತ್ತದೆ.

"ಕಣ್ಣೆತ್ತಿ ನೋಡಲ್ಲ."

"ನನ್ನ ಬೂಟಿಗೆ ಬದಲು ಮಾಡ್ಕೋತೀಯಾ? ಸ್ಕೀ ಸಮೇತ?"

ಮಲಗಿದ್ದ ವ್ಯಾಪಾರಿ ಧಡಕ್ಕನೆ ಎದ್ದು ಕೂತ. ಅವಳ ಬೂಟು ನೇರಳೆ ಬಣ್ಣದ್ದು, ಹಳೆಯದು, ಮಗಳು ಚಿಕ್ಕವಳಿದ್ದಾಗ ಅಂಟಿಸಿದ ಮೊಲದ ಚಿತ್ರಗಳಿದ್ದದ್ದು. ಆದರೂ ಬಗ್ಗುತ್ತದೆ! ಹೆಂಡತಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಒಂದು ಗಳಿಗೆ ಮನಸ್ಸು ಚುರುಕ್ ಎಂದಿತು. ಇನ್ನೊಂದು ಗಳಿಗೆಯಲ್ಲಿ ಆ ಚುರುಕು ಆರಿತು. ಅವನು ಬೇಕೆಂದೇ ನಿಟ್ಟುಸಿರು ಬಿಟ್ಟ.

"ಹಳೇ ಮಾಲು. ಮೊಲ ಬೇರೆ. ನಿನ್ನ ತಟ್ಟೆಯ ಕೊನೇ ಕಡುಬೂ ಸೇರಿಸು."

"ಕಡುಬಾ!" ಮಿಲೇನಾ ಎದೆಗೆ ಕೈಯಿಟ್ಟುಕೊಂಡಳು. "ಸರಿ, ಕೊಟ್ಟೆ. ನಂದೂ ಒಂದು ಷರತ್ತು. ಇನ್ಮೇಲೆ 'ನನ್ನ ಹತ್ರ ಅದಕ್ಕೆ ಬೂಟಿಲ್ಲ' ಅನ್ನೋ ಹಾಗಿಲ್ಲ."

"ಅಷ್ಟೇ ತಾನೆ? ಒಪ್ಪಿದೆ!"

ಇಬ್ಬರೂ ಕೈ ಹಿಡಿದರು. ದನದ ಸಂತೆಯಲ್ಲಿ ಮಾಡುವ ಹಾಗೆ ರೆಜ್ಕಾ ಅತ್ತೆ ವ್ಯಾಪಾರ ಕುದುರಿತೆಂದು ತಮ್ಮ ಅಂಗೈಯನ್ನು ಕತ್ತಿಯಂತೆ ಇಳಿಸಿ ಆ ಕೈಗಳನ್ನು ಬಿಡಿಸಿದರು. ಲಾಡೋ ಸಾಕ್ಷಿಯಾಗಿ ಬ್ರಾಂದಿ ಸುರಿದ. ಒಪ್ಪಂದದ ಗುಟುಕು ಕುಡಿದಾದ ಮೇಲೆ ಆ ಸೀಮೆಯಲ್ಲಿ ಯಾವ ವ್ಯಾಪಾರವೂ ಹಿಂದಕ್ಕೆ ಬಂದದ್ದಿಲ್ಲ. ಹಾಗೆ ಮಾತಿನಿಂದ ಹಿಂದೆ ಸರಿದವನ ಅಂಗಡಿಯಲ್ಲಿ ಮರುದಿನದಿಂದ ಯಾರೂ ಒಂದು ವಾಷರು ಕೂಡ ಕೊಳ್ಳುವುದಿಲ್ಲ. ಸಿಲ್ವೋ ಗುಟುಕರಿಸಿದ, ಕಡುಬು ಬಾಯಿಗೆ ಹಾಕಿಕೊಂಡ.

ಮಿಲೇನಾ ಗಿಳಿಹಸಿರು ಬೂಟು ತೊಟ್ಟಳು. ಅಳತೆ ಹೇಳಿ ಮಾಡಿಸಿದ ಹಾಗಿತ್ತು. ಹಿಂದಿನ ಚಿಲಕವನ್ನು *ಕೆಳಗೆ* ಒತ್ತಿದಳು. ಟಕ್. ಮೇಜಿನ ಸುತ್ತ ಕಾಲುಚೀಲದಲ್ಲಿ ನಡೆಯುವ ಹಾಗೆ ನಡೆದಳು. ಕಣಕಾಲು ಬಳ್ಳಿಯಂತೆ ಬಗ್ಗಿತು. ಆಮೇಲೆ ಚಿಲಕವನ್ನು ಮೇಲಕ್ಕೆ ಎತ್ತಿದಳು. ಟಕ್. ಬೂಟು ಕಂಬದಂತೆ ಬಿಗಿದು ನಿಂತಿತು.

"ಕೆಳಗೆ ಮಾಡಿದ್ರೆ ಬಿಡುತ್ತೆ, ಮೇಲೆ ಮಾಡಿದ್ರೆ ಬಿಗಿಯುತ್ತೆ" ಎಂದಳು ಎಲ್ಲರಿಗೂ ಕೇಳುವ ಹಾಗೆ. "ಹತ್ತೋಕೂ ಸೈ, ಇಳಿಯೋಕೂ ಸೈ."

ಸಿಲ್ವೋನ ಬಾಯಲ್ಲಿ ಕಡುಬು ಹಾಗೇ ನಿಂತಿತು. ಶನಿವಾರದ ಗಂಜಿ, ಭಾನುವಾರದ ಗೋಡೆ, ಎರಡೂ ಕಣ್ಣೆದುರು ಸ್ಥಳ ಬದಲಾಯಿಸಿಕೊಂಡವು.

"ನಿಂಗೆ... ಯಾವಾಗ ಗೊತ್ತಾಯ್ತು?"

"ಶುಕ್ರವಾರ. ಟೋಪಿ ತೊಡಿಸುವಾಗ."

"ಹೇಳಬಾರದಿತ್ತೇನೆ?"

"ಮೂರು ಸಲ ಬಾಯಿ ತೆಗೆದೆ ಸಿಲ್ವೋ. ಮೂರು ಸಲವೂ ನೀನು ನಡೆಯೋದು ಕಲಿಯೋಕೆ ಮುಂಚೆ ಸ್ಕೀ ಕಲಿತಿದ್ದೆ."

ಲಾಡೋ ನಕ್ಕ ನಗುವಿಗೆ ಅವನ ಎಲ್ಲ ಹಲ್ಲೂ ಕಂಡವು. (ಒಂದು ಕಟ್ಟಿಸಿದ್ದು. ಸಿಲ್ವೋಗೆ ಅಷ್ಟಾದರೂ ಸಮಾಧಾನ.) ರೆಜ್ಕಾ ಅತ್ತೆ ಸೆರಗಿಲ್ಲದ್ದರಿಂದ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡರು. ಸಿಲ್ವೋ ಎಲ್ಲರ ಮುಖ ನೋಡಿದ, ಖಾಲಿ ಲೋಟ ನೋಡಿದ, ಕೊನೆಗೆ ತಾನೂ ನಕ್ಕುಬಿಟ್ಟ. ಇಪ್ಪತ್ತೈದು ವರ್ಷದಲ್ಲಿ ಅವನನ್ನು ವ್ಯಾಪಾರದಲ್ಲಿ ಸೋಲಿಸಿದವರಿಲ್ಲ. ಸೋತರೂ ಮನೆಯೊಳಗೇ ಸೋತೆನಲ್ಲ, ಮಾಲು ಹೊರಗೆ ಹೋಗಲಿಲ್ಲವಲ್ಲ ಎಂದು ಲೆಕ್ಕ ಹಾಕಿದ.

ಇಳಿಯುವಾಗ ಮಿಲೇನಾ ಮುಂದೆ. ಗಿಳಿಹಸಿರು ಬೂಟಿನಲ್ಲಿ ಹಾಡುತ್ತ, ಬೆಟ್ಟದ ಮೈಮೇಲೆ ಜಿಲೇಬಿ ಬಿಡಿಸಿದ ಹಾಗೆ ತಿರುಗುತ್ತ ಹೋದಳು. ಹಿಂದೆ ಮೊಲದ ಬೂಟಿನ ಸಿಲ್ವೋ. ಎರಡು ಸಲ ಬಿದ್ದ, ಎರಡು ಸಲವೂ ಅವಳು ನಿಂತು ಕೈ ಕೊಟ್ಟು ಎಬ್ಬಿಸಿದಳು. ಎರಡನೆಯ ಸಲ ಬಿದ್ದದ್ದು ನಿಜವಾಗಿ ಬಿದ್ದದ್ದೋ ಇಲ್ಲವೋ ಎಂಬುದನ್ನು ಅವನೊಬ್ಬನೇ ಬಲ್ಲ. ಅಡವಿ ಮುಗಿದು ಬಯಲು ಸಿಕ್ಕಿದಾಗ ಇಬ್ಬರೂ ಪಕ್ಕಪಕ್ಕದಲ್ಲೇ ಜಾರುತ್ತಿದ್ದರು.

ಕಾರಿನ ಹತ್ತಿರ ಸ್ಕೀ ಕಟ್ಟುತ್ತ ಮಿಲೇನಾ ಕೇಳಿದಳು, "ಮುಂದಿನ ಭಾನುವಾರ ಲಾಡೋ ಇನ್ನೂ ಎತ್ತರದ ಬೆಟ್ಟಕ್ಕೆ ಹೋಗೋಣ ಅಂತಿದ್ದಾನೆ. ಬರ್ತೀಯಲ್ಲ?"

ಸಿಲ್ವೋ ಅಭ್ಯಾಸಬಲದಿಂದ ಮುಖವನ್ನು ಇಷ್ಟುದ್ದ ಮಾಡಿಕೊಂಡ. "ನನ್ನ ಹತ್ರ ಅದಕ್ಕೆ ಬೂ..."

ತಲೆ ತಗ್ಗಿಸಿ ನೋಡಿದ. ಕಾಲಿನ ಮೇಲಿಂದ ಎರಡು ಮೊಲಗಳು ಕಿವಿ ನಿಮಿರಿಸಿಕೊಂಡು ಅವನನ್ನೇ ನೋಡುತ್ತಿದ್ದವು.

"...ಎಷ್ಟು ಗಂಟೆಗೆ ಹೊರಡೋದು?" ಎಂದ.