ಅತ್ತೆಗೊಂದು ನಿಮಿಷದ ಮೌನ

ಅತ್ತೆ ತೀರಿಕೊಂಡ ಸುದ್ದಿ ಇಂಗ್ಲಿಷ್ ಮೇಷ್ಟರಿಗೆ ತಿಳಿದದ್ದು ಬೆಳಗ್ಗೆ, ಶಾಲೆಯಲ್ಲಿ ಕೈ ತೊಳೆಯುವ ನಲ್ಲಿಯ ಹತ್ತಿರ. ತಿಳಿಸಿದವಳು ಕೊನೆಯ ವರ್ಷದ ತರಗತಿಯ ಹುಡುಗಿ. ಅವಳ ಕಣ್ಣು ಕೆಂಪಾಗಿತ್ತು.

“ಸಾರ್, ಅತ್ತೆ ಹೋಗ್ಬಿಟ್ರು.”

“ಯಾವ ಅತ್ತೆ?”

“ನಮ್ಮ ಕಾದಂಬರಿ ಅತ್ತೆ ಸಾರ್. ಮುಂದಕ್ಕೆ ಓದ್ತಿದ್ದೆ. ಜ್ವರ ಬಂತಂತೆ, ಒಂದೇ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದಾರೆ.”

ಮೇಷ್ಟರ ಕೈಯಲ್ಲಿದ್ದ ಸೋಪು ಜಾರಿ ಮೋರಿಗೆ ಹೋಯಿತು. ಹುಡುಗಿ ಕಣ್ಣೊರೆಸಿಕೊಂಡು ತರಗತಿಗೆ ಹೋದಳು.

ಪ್ರೌಢಶಾಲೆಯ ಕೊನೆಯ ವರ್ಷದವರಿಗೆ ಕಾಲೇಜು ಮಟ್ಟದ ಬರವಣಿಗೆಯನ್ನೂ ಬ್ರಿಟಿಷ್ ಸಾಹಿತ್ಯವನ್ನೂ ಕಲಿಸುವುದು ಈ ಮೇಷ್ಟರ ಕೆಲಸ. ಪಠ್ಯಕ್ಕಿದ್ದ ಕಾದಂಬರಿ ದಿಂಬಿನಷ್ಟು ದಪ್ಪ. ಮೇಷ್ಟರು ಅದನ್ನು ಹೆಚ್ಚಾಗಿ ಬಳಸುತ್ತಿದ್ದದ್ದೂ ದಿಂಬಾಗಿಯೇ. ಅರ್ಧದಾಚೆಗೆ ಅವರು ಎಂದೂ ದಾಟಿರಲಿಲ್ಲ. ಪ್ರತಿವರ್ಷವೂ ಅಷ್ಟರಲ್ಲಿ ಪರೀಕ್ಷೆ ಬಂದು ಅವರನ್ನು ಕಾಪಾಡುತ್ತಿತ್ತು.

ಆ ಕಾದಂಬರಿಯಲ್ಲಿ ಒಬ್ಬಳು ಆಂಟ್ ಇದ್ದಳು, ನಾಯಕನ ತಂದೆಗೆ ಅಕ್ಕ. ಮೇಷ್ಟರು ಅವಳನ್ನು ‘ಅತ್ತೆ’ ಎಂದು ಕನ್ನಡಕ್ಕೆ ಇಳಿಸಿದ್ದರು. ಕಡಲ ದಂಡೆಯ ಬಂಗಲೆಯಲ್ಲಿ ಕೂತು, ತಮ್ಮನ ಮಗನಿಗೆ ಬಂದ ಸಂಬಂಧಗಳನ್ನು ಒಂದೊಂದಾಗಿ ಮುರಿಯುವುದೇ ಆಕೆಯ ಕಸುಬು. ‘ಈಕೆ ಸಾಯುವುದಿಲ್ಲ, ಸಾವಿಲ್ಲದ ಹಳೆಯ ವ್ಯವಸ್ಥೆಗೆ ಈಕೆ ಸಂಕೇತ’ ಎಂದು ಮೇಷ್ಟರು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅದನ್ನೇ ಪ್ರಬಂಧವಾಗಿ ಹಿಗ್ಗಿಸಿ ಎಷ್ಟೋ ಮಕ್ಕಳು ಒಳ್ಳೆಯ ಅಂಕ ಪಡೆದು ಉದ್ಧಾರವಾಗಿದ್ದರು. ‘ಆಧಾರವಿಲ್ಲದೆ ಒಂದು ವಾಕ್ಯವನ್ನೂ ಬರೆಯಕೂಡದು’ ಎಂಬುದೂ ಅದೇ ಬೋರ್ಡಿನ ಮೇಲೆ ಇರುತ್ತಿತ್ತು.

ಸಾಯುವುದಕ್ಕೆ ಆಕೆಗೆ ಬೇರೆ ದಿನ ಸಿಗಲಿಲ್ಲವೆ? ಮಧ್ಯಾಹ್ನ ಕಾಲೇಜಿನ ಪ್ರೊಫೆಸರು ಬಂದು ಮೇಷ್ಟರ ಪಾಠ ಕೇಳುವವರಿದ್ದರು. ಅವರು ಒಪ್ಪಿ ಸಹಿ ಹಾಕಿದರೆ ತರಗತಿ ಮೇಷ್ಟರ ಕೈಯಲ್ಲೇ ಉಳಿಯುತ್ತದೆ. ಇಲ್ಲವಾದರೆ ಚಿಕ್ಕ ಮಕ್ಕಳಿಗೆ ಸ್ಪೆಲಿಂಗ್ ಹೇಳಿಕೊಡಬೇಕು.

“ಅತ್ತೆ ಸತ್ರೆ ನಾನೂ ಸತ್ತ ಹಾಗೇ,” ಎಂದು ಮೇಷ್ಟರು ಗೊಣಗಿದರು.

ಬೆನ್ನ ಹಿಂದೆ ಬಾಟಲಿಗೆ ನೀರು ಹಿಡಿಯಲು ನಿಂತಿದ್ದ ಚರಿತ್ರೆ ಮೇಷ್ಟರು ಬಾಟಲಿಯನ್ನು ಕೆಳಗಿಟ್ಟರು. “ಅತ್ತೆ ಹೋದ್ರಾ? ಯಾವಾಗ?”

“ನನಗೇ ಈಗ ಗೊತ್ತಾಯ್ತು. ಜ್ವರವಂತೆ.”

ಒಂದೇ ಮನೆಯಲ್ಲಿರುವ ಅತ್ತೆ ಸತ್ತದ್ದು ಅಳಿಯನಿಗೆ ಶಾಲೆಯಲ್ಲಿ ಗೊತ್ತಾಗುತ್ತದೆಯೆ ಎಂದು ಚರಿತ್ರೆ ಮೇಷ್ಟರು ಅನುಮಾನಿಸಲಿಲ್ಲ. ಇಂಗ್ಲಿಷ್ ಮೇಷ್ಟರನ್ನು ಅವರು ಬಲ್ಲರು.

ಗಂಟೆ ಹೊಡೆಯುವಷ್ಟರಲ್ಲಿ ಸುದ್ದಿ ಸ್ಟಾಫ್ ರೂಮನ್ನು ಸುತ್ತಿ ಬಂದಿತ್ತು. ಗಣಿತದ ಮೇಡಂ ಮೇಷ್ಟರಿಗೆ ಕುರ್ಚಿ ಎಳೆದುಕೊಟ್ಟರು.

“ಸಮಾಧಾನ ಮಾಡ್ಕೊಳ್ಳಿ. ನಮ್ಮತ್ತೆಗೆ ಮೂರು ಸಲ ಜ್ವರ ಬಂತು. ಮೂರು ಸಲವೂ ಎದ್ದು ಕೂತ್ರು. ಎಲ್ಲದಕ್ಕೂ ಪುಣ್ಯ ಬೇಕು.”

ಮೇಷ್ಟರು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದರು. ಅಷ್ಟರಲ್ಲಿ ಹೆಡ್‌ಮಿಸ್ ಒಳಗೆ ಬಂದರು.

“ಪ್ರೊಫೆಸರಿಗೆ ಫೋನ್ ಮಾಡಿ ಹೇಳಿದೀನಿ. ಕಾದಂಬರಿಯ ಕೊನೇ ಭಾಗದ ಮೇಲೆ ಪ್ರಶ್ನೆ ಕೇಳ್ಬೇಕು ಅಂತಿದ್ರಂತೆ. ಇಂಥಾ ದಿನಾನೂ ಕೆಲಸಕ್ಕೆ ಬಂದಿದ್ದಾರಲ್ಲ, ಇನ್ನೇನು ಕೇಳೋದು, ಬಂದು ಸಹಿ ಹಾಕಿ ಹೋಗ್ತೀನಿ ಅಂದ್ರು.”

ತೆರೆದ ಬಾಯನ್ನು ಮೇಷ್ಟರು ಕರ್ಚೀಫಿನಿಂದ ಮುಚ್ಚಿಕೊಂಡರು. ಅದು ದುಃಖದಂತೆಯೇ ಕಂಡಿತು.

“ಎಲ್ಲರೂ ಮನೆಗೆ ಹೋಗಿ ಮಾತಾಡಿಸ್ಕೊಂಡು ಬರೋಣ,” ಎಂದರು ಡ್ರಿಲ್ ಮೇಷ್ಟರು.

“ಬೇಡಿ, ಬೇಡಿ. ಆಗಲೇ ಎಲ್ಲಾ ಮುಗಿದುಹೋಯ್ತು.”

“ಯಾರು ಮುಗಿಸಿದ್ರು?”

“ಬರೆದವರೇ.”

“ಏನಂದ್ರಿ?”

“ಬರಬೇಕಾದವರೇ ಅಂದೆ.”

ಮನೆಗೆ ಹೋಗದಿದ್ದರೇನಂತೆ, ಡ್ರಿಲ್ ಮೇಷ್ಟರು ಸುಮ್ಮನಿರುವವರಲ್ಲ. ಮಧ್ಯಾಹ್ನ ಇಡೀ ಶಾಲೆಯನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಪ್ರೊಫೆಸರೂ ಆಗಷ್ಟೇ ಬಂದು ಟೋಪಿ ತೆಗೆದು ನಿಂತರು. ಸೀಟಿ ಮೊಳಗಿತು. ಎಲ್ಲರ ತಲೆ ಬಾಗಿತು.

ಆ ಹೊತ್ತಿಗೇ ಗೇಟು ಕಿರುಗುಟ್ಟಿತು. ಅಳಿಯ ಮರೆತುಬಂದಿದ್ದ ಓದುವ ಕನ್ನಡಕವನ್ನು ಕೊಟ್ಟು ಹೋಗಲು ಮೇಷ್ಟರ ಅತ್ತೆ ಬಂದಿದ್ದರು. ಇಷ್ಟೊಂದು ಜನ ತಲೆ ತಗ್ಗಿಸಿದ್ದನ್ನು ಕಂಡು, ಯಾರೋ ಪುಣ್ಯಾತ್ಮರು ಹೋಗಿರಬೇಕೆಂದು ತಾವೂ ಒಂದು ಪಕ್ಕದಲ್ಲಿ ಕೈಮುಗಿದು ನಿಂತರು. ಹೀಗೆ ಅವರು ತಮ್ಮದೇ ಮೌನಾಚರಣೆಯಲ್ಲಿ ಎಲ್ಲರಿಗಿಂತ ಭಕ್ತಿಯಿಂದ ಭಾಗವಹಿಸಿದರು.

ಎರಡನೆಯ ಸೀಟಿಯಾದ ಮೇಲೆ ಡ್ರಿಲ್ ಮೇಷ್ಟರನ್ನು ಮೆಲ್ಲಗೆ ಕೇಳಿದರು, “ಯಾರಪ್ಪಾ ಹೋದದ್ದು?”

“ಇಂಗ್ಲಿಷ್ ಮೇಷ್ಟ್ರ ಅತ್ತೆ, ಅಮ್ಮಾ.”

“ಅಯ್ಯೋ ಪಾಪ,” ಎಂದರು ಆಕೆ. ಆಮೇಲೆ ಸ್ವಲ್ಪ ಯೋಚಿಸಿದರು. “ಅವರಿಗಿರೋಳು ನಾನೊಬ್ಬಳೇ ಅಲ್ವಾ?”

ಅಂಗಳದಲ್ಲಿ ಇನ್ನೊಂದು ನಿಮಿಷದ ಮೌನ ತಾನಾಗಿಯೇ ನಡೆಯಿತು.

“ಅಳಿಯಂದ್ರೇ, ಬೆಳಗ್ಗೆ ನಿಮಗೆ ಕಾಫಿ ಕೊಟ್ಟದ್ದು ಯಾರು, ನನ್ನ ದೆವ್ವಾನಾ?”

ಮುಳುಗುವವನಿಗೆ ಬರುವ ಬುದ್ಧಿ ಮೇಷ್ಟರಿಗೂ ಬಂತು. ಎದೆ ಸೆಟೆಸಿ ಪ್ರೊಫೆಸರ ಕಡೆ ತಿರುಗಿದರು. “ಸಾರ್, ಸತ್ತದ್ದು ಕಾದಂಬರಿಯ ಅತ್ತೆ. ಸಾವಿನ ಬಗ್ಗೆ ಪ್ರಬಂಧ ಬರೆಯೋ ಮುಂಚೆ ಮಕ್ಕಳು ದುಃಖಾನ ಅನುಭವಿಸ್ಬೇಕು. ಇದು ನನ್ನ ಪಾಠದ ಕ್ರಮ. ಅದಕ್ಕೇ ಇಷ್ಟೆಲ್ಲಾ.”

ಹೆಡ್‌ಮಿಸ್ ಕಣ್ಣರಳಿಸಿದರು. ಪ್ರೊಫೆಸರು ಗದ್ದ ಸವರಿಕೊಂಡರು. “ಭಲೇ. ಇಪ್ಪತ್ತು ವರ್ಷ ಆ ಪುಸ್ತಕ ಪಾಠ ಮಾಡಿದೀನಿ, ನನಗೆ ಇದು ಹೊಳೀಲಿಲ್ಲ.” ಜೇಬಿನಿಂದ ಪೆನ್ನು ತೆಗೆದವರು ಅದರ ಮುಚ್ಚಳವನ್ನೂ ಬಿಚ್ಚಿ, ಅಲ್ಲಿಗೇ ನಿಂತರು. “ಆದ್ರೆ ಅತ್ತೆ ಎಲ್ಲಿ ಸಾಯ್ತಾಳೆ ಮೇಷ್ಟ್ರೇ?”

“ಜ್ವರದಲ್ಲಿ ಸಾರ್.”

“ಜ್ವರ ಬಂದು ಒಂದೇ ಪ್ಯಾರಾದಲ್ಲಿ ಸಾಯೋಳು ಇನ್ನೊಬ್ಬಳು ಆಂಟ್. ನಾಯಕನ ತಾಯಿಯ ತಂಗಿ, ಪುಸ್ತಕದ ದ್ವಿತೀಯಾರ್ಧದಲ್ಲಿ ಬರೋಳು. ಚಿಕ್ಕಮ್ಮ. ನಿಮ್ಮ ಅತ್ತೆ ಕೊನೇ ಪುಟದಲ್ಲೂ ಬಂಗಲೇಲಿ ಕೂತು ಸಂಬಂಧ ಮುರೀತಿರ್ತಾಳೆ. ಅವಳು ಸಾಯೋದೇ ಇಲ್ಲ. ಪುಸ್ತಕದ ಸ್ವಾರಸ್ಯವೇ ಅದು.”

ಆ ಹುಡುಗಿ ಇಬ್ಬರು ಆಂಟ್‌ಗಳನ್ನು ಒಬ್ಬಳನ್ನಾಗಿ ಮಾಡುವವರೆಗೆ, ಓದದೆಯೇ ಮೇಷ್ಟರು ಹೇಳಿದ್ದೆಲ್ಲ ಸರಿಯಾಗಿತ್ತು.

ಪ್ರೊಫೆಸರು ಪೆನ್ನಿನ ಮುಚ್ಚಳ ಹಾಕಿದರು. “ಆ ಚಿಕ್ಕಮ್ಮನ ಮೇಲೆ ನೀವೂ ಒಂದು ಪ್ರಬಂಧ ಬರೀರಿ. ಹುಡುಗರ ಜೊತೆ, ಹಿಂದಿನ ಬೆಂಚಲ್ಲಿ ಕೂತು. ಆಧಾರ ಕೊಡೋದು ಮರೀಬೇಡಿ. ತಿದ್ದಿದ ಮೇಲೆ ಸಹಿ ವಿಚಾರ. ಅಲ್ಲೀವರೆಗೆ ಸ್ಪೆಲಿಂಗ್ ಹೇಳಿಕೊಡ್ತಿರಿ.”

ಡ್ರಿಲ್ ಮೇಷ್ಟರು ಮೂರನೆಯ ಸೀಟಿ ಊದಬೇಕೋ ಬೇಡವೋ ತಿಳಿಯದೆ ಹೆಡ್‌ಮಿಸ್ ಮುಖ ನೋಡಿದರು. ಅತ್ತೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಅಳಿಯನ ಕೈಗಿಟ್ಟರು.

“ತಗೊಳ್ಳಿ. ಇನ್ಮೇಲೆ ಬೇಕಾಗತ್ತೆ.”

ಆಮೇಲೆ, ಬಂದದ್ದಕ್ಕೆ ಅದೊಂದು ಕೆಲಸ ಬಾಕಿಯಿತ್ತೆಂಬಂತೆ, ಮತ್ತೆ ಕಣ್ಣು ಮುಚ್ಚಿ ಕೈ ಜೋಡಿಸಿದರು.

“ದೇವರೇ, ಇವರೆಲ್ಲ ನಿಂತದ್ದು ನನಗೆ, ಹೋದೋಳು ಆ ಚಿಕ್ಕಮ್ಮ. ಬರೆದೋನು ಒಂದೇ ಪ್ಯಾರಾದಲ್ಲಿ ಕಳಿಸಿಬಿಟ್ಟ, ಓದಬೇಕಾದೋರು ಓದಲಿಲ್ಲ. ಅವಳಿಗೆ ಅಂತ ಅತ್ತೋರು ಯಾರೂ ಇಲ್ಲ. ನೀನಾದರೂ ಅವಳ ಜೀವಕ್ಕೆ ಶಾಂತಿ ಕೊಡಪ್ಪಾ.”