ಗೇಟ್ ಪಾಸ್ ಕೇಳದ ಪುಸ್ತಕ

ಓದಿಬಿಟ್ಟಳು! ನಮ್ಮ ಮೊಮ್ಮಗಳು ಇವತ್ತು ಮಧ್ಯಾಹ್ನ ಒಂದು ಇಡೀ ಕನ್ನಡ ಪುಸ್ತಕವನ್ನು, ಮೊದಲ ಅಕ್ಷರದಿಂದ ಕಡೆಯ ಅಕ್ಷರದವರೆಗೆ, ತಾನೊಬ್ಬಳೇ ಓದಿಬಿಟ್ಟಳು! ನಾನು ಓದಿದ್ದು ನಾಲ್ಕನೇ ಕ್ಲಾಸು. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ. ಈ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರಲು ನನ್ನಿಂದ ಆಗದು.

ಅವಳಿಗೆ ಹತ್ತು ವರ್ಷ. ಹುಟ್ಟಿ ಬೆಳೆದದ್ದೆಲ್ಲ ವಿಜಯವಾಡದಲ್ಲಿ. ಜಗಳ ತೆಲುಗಿನಲ್ಲಿ, ಕನವರಿಕೆ ತೆಲುಗಿನಲ್ಲಿ, ಮಗ್ಗಿ ಇಂಗ್ಲಿಷಿನಲ್ಲಿ. ಕನ್ನಡ ಏನಿದ್ದರೂ "ಅಜ್ಜಿ, ಹಸಿವು" ಅನ್ನುವಷ್ಟು. ಹೇಳಿದರೆ ಅರ್ಥವಾಗುತ್ತದೆ, ರಜೆಯಲ್ಲಿ ನಾನು ಕಲಿಸಿದ ಅಕ್ಷರಮಾಲೆಯೂ ಗೊತ್ತು. ಕನ್ನಡ ಪುಸ್ತಕ ಮುಂದಿಟ್ಟರೆ "ನಂಗೆ ರಾದು ಅಜ್ಜಿ" ಎಂದು ಓಟ. ಬರುವುದಿಲ್ಲ ಎಂದು ಹೇಳುವುದಕ್ಕೂ ತೆಲುಗೇ ಬೇಕೆ! ಹೀಗೇ ಆದರೆ ಇನ್ನು ನಾಲ್ಕು ವರ್ಷಕ್ಕೆ ನಾನೂ ಅವಳೂ ಕೈಸನ್ನೆಯಲ್ಲಿ ಮಾತಾಡಬೇಕಾದೀತು ಎಂದು ನನಗೆ ಒಳಗೊಳಗೇ ಹೆದರಿಕೆ.

ಆ ಹೆದರಿಕೆ ಕಳೆದವರು ಯಾರು ಗೊತ್ತೆ? ಭೂಮಿಯ ಮೇಲೆ ಯಾರಿಗೂ ಸುಲಭವಾಗಿ ಒಂದು ಪುಸ್ತಕ ಕೊಟ್ಟು ಗೊತ್ತಿಲ್ಲದ ಮನುಷ್ಯರು. ನನ್ನ ಗಂಡ. ಹೆಸರು ಹೇಳುವುದಿಲ್ಲ. ಮದುವೆಯಾದಾಗಿನಿಂದ ಹೇಳಿಲ್ಲ, ಈಗೇಕೆ?

ನಾವು ತುಮಕೂರು ಕಡೆಯವರು, ಈಗಿರುವುದು ವಿಶಾಖಪಟ್ಟಣದಲ್ಲಿ. ಇವರಿಗೆ ಅಲ್ಲಿಯ ಉಕ್ಕಿನ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಇತ್ತು. ಅಲ್ಲಿ ಒಂದು ನಟ್ಟು ಬೇಕೆಂದರೂ ಇಂಡೆಂಟ್ ಚೀಟಿ ಬರೆಯಬೇಕು, ಸಹಿ ಹಾಕಬೇಕು, ಹೊರಗೆ ಒಯ್ಯಲು ಗೇಟ್ ಪಾಸ್ ತೋರಿಸಬೇಕು. ಇವರು ರಿಟೈರಾದರು. ಸ್ಟೋರ್ಸು ರಿಟೈರಾಗಲಿಲ್ಲ! ಸೀದಾ ಮನೆಗೆ ಬಂದು ಪುಸ್ತಕದ ಬೀರುವಿನೊಳಗೆ ಕೂತಿತು. ಪಂಚಾಂಗ ನೋಡಲು ಹೆಂಡತಿಗೂ ಚೀಟಿ!

"ರೀ, ಏಕಾದಶಿ ಯಾವತ್ತು ಅಂತ ನೋಡ್ಬೇಕಿತ್ತು."

"ಇಂಡೆಂಟ್ ಎಲ್ಲಿ?"

ನಾನು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡುವಷ್ಟರಲ್ಲಿ ದ್ವಾದಶಿ ಬಂದಿರುತ್ತಿತ್ತು.

ಒಮ್ಮೆ ನಮ್ಮ ಮನೆಗೆ ಬಂದಿದ್ದ ಸೊಸೆ ತಿಳಿಯದೆ ಒಂದು ಪುಸ್ತಕದ ಮೇಲೆ ಕಾಫಿ ಲೋಟ ಇಟ್ಟಳು. ರಟ್ಟಿನ ಮೇಲೆ ದುಂಡಗೆ ಒಂದು ಗುರುತು ಬಿತ್ತು. ಇವರು ಅವಳನ್ನು ಬೈಯಲಿಲ್ಲ, ಡ್ಯಾಮೇಜ್ ರಿಪೋರ್ಟ್ ಬರೆದರು! ಪಾಪ, ಅವಳೂ ಕೆಳಗೆ ಸಹಿ ಹಾಕಿದಳು. ಅಂದಿನಿಂದ ಪುಸ್ತಕ ಇರುವಲ್ಲಿ ತಿಂಡಿ ಇಲ್ಲ, ತಿಂಡಿ ಇರುವಲ್ಲಿ ಪುಸ್ತಕ ಇಲ್ಲ.

ಹೀಗಿರುವಾಗ ಮಗ ಇವರಿಗೊಂದು ಟ್ಯಾಬ್ ತಂದುಕೊಟ್ಟ. ಮೊದಲ ವಾರವೇ ಇವರು ಮಕ್ಕಳ ಕನ್ನಡ ಪುಸ್ತಕವೊಂದನ್ನು ಅದರಲ್ಲಿ ಕೊಂಡರು. ಮೊಮ್ಮಗಳಿಗೆ ಕಳಿಸಲು ಹೊರಟರೆ ಪುಸ್ತಕ ಹೋಗಲೊಲ್ಲದು. ಮಗನಿಗೆ ಫೋನ್ ಹೋಯಿತು. ಅದಕ್ಕೆ ಬೀಗ ಹಾಕಿರುತ್ತಾರೆ, ಕೊಂಡವರ ಖಾತೆಯಲ್ಲಷ್ಟೇ ತೆರೆಯುತ್ತದೆ, ಇನ್ನೊಬ್ಬರಿಗೆ ನಕಲು ಕೊಡುವಂತಿಲ್ಲ ಎಂದು ಅವನು ಬಿಡಿಸಿ ಹೇಳಿದ.

"ನಾನು ಕೊಂಡಿರೋ ಪುಸ್ತಕ ಕಣೋ! ನನ್ನ ಮೊಮ್ಮಗಳಿಗೆ ಕೊಡ್ಬೇಡ ಅನ್ನೋಕೆ ಇವರ್ಯಾರು? ಪುಸ್ತಕ ಅಂದ್ರೆ ನಾಲ್ಕು ಜನ ಓದೋಕಿರೋದು!"

ಯಾರ ಬಾಯಲ್ಲಿ ಎಂಥ ಮಾತು! ಫೋನಿನ ಆ ಕಡೆಯಿಂದ ಸೊಸೆಯ ದನಿ ತಣ್ಣಗೆ ಬಂತು. "ಮಾವ, ಅವರ ಹತ್ರ ಒಂದು ಗೇಟ್ ಪಾಸ್ ಕೇಳಿ ನೋಡಿ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದೆ.

ಆಮೇಲೆ ಮಗನೇ ಬೇರೆ ದಾರಿ ತೋರಿಸಿದ. ಕಾಪಿರೈಟ್ ಹಕ್ಕಿನ ಕಾಲ ಮುಗಿದ ಹಳೆಯ ಪುಸ್ತಕಗಳು, ಎಲ್ಲರೂ ಓದಲಿ ಎಂದು ಬರೆದವರೇ ಬಿಟ್ಟುಕೊಟ್ಟ ಪುಸ್ತಕಗಳು ಬೇಕಾದಷ್ಟಿವೆಯಂತೆ. ಬೆಲೆಯೂ ಇಲ್ಲ, ಬೀಗವೂ ಇಲ್ಲ. ಬಿಟ್ಟಿ ಎಂದರೆ ಇವರಿಗೆ ಮೂರು ದಿನ ಅನುಮಾನ. ನಾಲ್ಕನೇ ದಿನ ಕಟ್ಟೆ ಒಡೆಯಿತು ನೋಡಿ! ಇಳಿಸಿಕೊಂಡದ್ದೇ ಇಳಿಸಿಕೊಂಡದ್ದು. ಪ್ರತಿಯೊಂದಕ್ಕೂ ಒಂದು ಚೀಟಿ. ಅದರಲ್ಲೊಂದನ್ನು ಮೊಮ್ಮಗಳಿಗೆ ಹದಿನೈದು ದಿನದ ಗಡುವು ಹಾಕಿ ಕಳಿಸಿದರು. ಕಳಿಸಿದ ಮರುಕ್ಷಣವೇ ತಮ್ಮ ಟ್ಯಾಬಿನಿಂದ ಅದನ್ನು ಅಳಿಸಿದರು!

"ಅಯ್ಯೋ, ಯಾಕ್ರೀ?"

"ಇಶ್ಯೂ ಆದ ಮಾಲು ರ‍್ಯಾಕಿನಲ್ಲಿ ಇರಬಾರದು ಕಣೇ. ಆಡಿಟ್‌ನವರು ಬಂದ್ರೆ ಏನ್ ಹೇಳಲಿ?"

ಯಾವ ಆಡಿಟ್‌ನವರು? ನಮ್ಮ ಮನೆಗೆ ಗ್ಯಾಸ್ ಸಿಲಿಂಡರಿನವನು ಬಿಟ್ಟರೆ ಯಾರೂ ಬರುವುದಿಲ್ಲ! ಹದಿನಾರನೇ ದಿನ ಬೆಳಿಗ್ಗೆಯೇ ವಿಜಯವಾಡಕ್ಕೆ ಫೋನ್.

"ಪುಟ್ಟೀ, ಗಡುವು ಮುಗೀತು. ಪುಸ್ತಕ ವಾಪಸ್ ಕಳ್ಸಮ್ಮ."

"ನಂಗೆ ಕಳ್ಸಿದ್ರೂ ನಿಮ್ಮ ಹತ್ರ ಇರತ್ತೆ ಕದಾ ತಾತಾ! ಡಿಲೀಟ್ ಚೇಶಾರಾ?" ಅಳಿಸಿಬಿಟ್ಟಿರಾ ಎಂದು ಕೇಳಿ ಅವಳು ನಕ್ಕದ್ದು ನನಗೂ ಕೇಳಿಸಿತು.

"ಅದಿರಲಿ. ಓದಿದ್ಯಾ?"

"ಲೇದು ತಾತಾ. ಅಕ್ಷರ ಎಲ್ಲಾ ಚೀಮಲು ಥರ ಇವೆ."

ಲೇದು ಎಂದರೆ ಇಲ್ಲ, ಚೀಮಲು ಎಂದರೆ ಇರುವೆಗಳು. ಅವಳ ತಪ್ಪೇನೂ ಇರಲಿಲ್ಲ. ಇವರು ಕಳಿಸಿದ್ದು ಪಿಡಿಎಫ್, ಅಂದರೆ ಅಚ್ಚಾದ ಪುಟದ ಫೋಟೋ ಹಿಡಿದ ಹಾಗೆ. ಅಕ್ಷರ ಹಿಗ್ಗಿಸಿದರೆ ಅರ್ಧ ಸಾಲು ಪರದೆಯ ಆಚೆ ಹೋಗುತ್ತದೆ. ಇಪಬ್ ಎಂಬ ಇನ್ನೊಂದು ನಮೂನೆ ಇದೆ ಎಂದು ಸೊಸೆ ಹೇಳಿದಳು. ಅದರಲ್ಲಿ ಅಕ್ಷರ ಎಷ್ಟು ದೊಡ್ಡದಾದರೂ ಸಾಲು ತಾನೇ ಮಡಿಚಿಕೊಂಡು ಒಳಗೆ ಕೂರುತ್ತದೆ. ನನಗೆ ಅರ್ಥವಾದದ್ದು ಇಷ್ಟು: ಪಿಡಿಎಫ್ ಚಕ್ಕುಲಿ, ಬಗ್ಗಿಸಿದರೆ ಮುರಿಯುತ್ತದೆ. ಇಪಬ್ ಸಾರು, ಯಾವ ಬಟ್ಟಲಿಗೆ ಹಾಕಿದರೂ ಹೊಂದಿಕೊಳ್ಳುತ್ತದೆ.

ಸಾರೇ ಕಳಿಸಿ ಎಂದೆ. ಇವರು ಒಪ್ಪಬೇಕಲ್ಲ!

"ಸಣ್ಣಕ್ಷರಕ್ಕೆ ನಲವತ್ತು ಪುಟ, ದೊಡ್ಡಕ್ಷರಕ್ಕೆ ತೊಂಬತ್ತು ಪುಟ! ಪುಟದ ಲೆಕ್ಕವೇ ನಿಲ್ಲದ ಪುಸ್ತಕಾನ ಸ್ಟಾಕಿಗೆ ಹೇಗೆ ತಗೊಳ್ಳೋದು?"

ನನಗೆ ಎಲ್ಲಿತ್ತೋ ಸಿಟ್ಟು. "ಆಯ್ತು ರೀ, ನಿಮ್ಮ ಪುಟಗಳನ್ನೇ ಎಣಿಸ್ಕೊಂಡಿರಿ. ಮಗು ನನ್ನ ಹತ್ರ ಮಾತಾಡೋದು ಬಿಟ್ಟಾಗ ಆ ಪುಟಗಳೇ ಬಂದು ಅಜ್ಜೀ ಅಂತ ಕರೀತವೆ!"

ಮಾರನೆಯ ದಿನದಿಂದ ಇವರು ವರಾಂಡದಲ್ಲಿ ಟ್ಯಾಬ್ ಹಿಡಿದು ಕೂತು ಒಂದೇ ಬೆರಳಲ್ಲಿ ಟಕ್ ಟಕ್ ಎಂದು ಕುಟ್ಟತೊಡಗಿದರು. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು.

"ಏನೇ, ಆ ಮೇಕೆ ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದ್ದಾ, ಹಿಂದಿನ ಬಾಗಿಲಲ್ಲಾ?"

"ಯಾವ ಮೇಕೆ?"

"ಅದೇ, ಪುಟ್ಟಿಗೆ ತಲೆ ಬಾಚುವಾಗ ಹೇಳ್ತೀಯಲ್ಲ, ಸಂತೆಗೆ ಹೋದ ಕುಂಟ ಮೇಕೆ."

"ಹಿಂದಿನ ಬಾಗಿಲು," ಎಂದು ಹೇಳಿ ನಾನು ಕಾವಲಿಯ ಮೇಲಿನ ದೋಸೆ ಮಗುಚಲು ಹೋದೆ. ವಯಸ್ಸಾಯಿತು, ಪಾಪ, ಅಂದುಕೊಂಡೆ.

ಇವತ್ತು ಬೆಳಗಿನ ರೈಲಿಗೆ ವಿಶಾಖಪಟ್ಟಣದಿಂದ ಮಗನ ಮನೆಗೆ ಬಂದೆವು. ಊಟವಾದ ಮೇಲೆ ಇವರು ಟ್ಯಾಬನ್ನು ಮೊಮ್ಮಗಳ ಕೈಗೆ ಕೊಟ್ಟು, ಏನೂ ಗೊತ್ತಿಲ್ಲದವರಂತೆ ಕಿಟಕಿಯ ಕಡೆ ತಿರುಗಿ ಕೂತರು. ಅವರೆಕಾಳಿನಷ್ಟು ದಪ್ಪ ಅಕ್ಷರಗಳು. ಅವಳು ಒಂದೊಂದೇ ಕೂಡಿಸಿ ಓದಿದಳು.

"ಸಂ-ತೆ-ಗೆ ಹೋ-ದ ಕುಂ-ಟ ಮೇ-ಕೆ. ಹೇ-ಳಿ-ದ-ವ-ರು, ನಿ-ನ್ನ ಅ-ಜ್ಜಿ. ಅಜ್ಜೀ! ಇದು ನಿಮ್ಮ ಕಥೆ!"

ಮತ್ತೆ ಅವಳು ತಲೆ ಎತ್ತಲಿಲ್ಲ. ಒತ್ತಕ್ಷರಕ್ಕೆ ಎಡವಿದರೂ ಮುಂದೆ ಏನು ಬರುತ್ತದೆ ಎಂದು ಅವಳಿಗೆ ಗೊತ್ತಲ್ಲ! ನಾನು ಹೇಳಿದ ಕಥೆಯೇ ಅವಳ ಕೈ ಹಿಡಿದು ನಡೆಸಿತು. ಇವರು ಆ ಕಥೆಯನ್ನೇ ಟಕ್ ಟಕ್ ಎಂದು ಕುಟ್ಟಿ, ಸೊಸೆಗೆ ಗುಟ್ಟಾಗಿ ಕಳಿಸಿ, ಅವಳಿಂದ ಇಪಬ್ ಮಾಡಿಸಿದ್ದರು. ಹೌದು, ಸಾರು!

ಸಂಜೆ ಮಗ ಕೆಲಸದಿಂದ ಬಂದ. ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು. ಮುದ್ದೆ ನಮ್ಮೂರಿನದು, ಗೋಂಗೂರ ಪಪ್ಪು, ಅಂದರೆ ಪುಂಡಿಸೊಪ್ಪಿನ ಬೇಳೆ, ಈ ಊರಿನದು. ತುತ್ತು ಎತ್ತುವ ಮೊದಲೇ ಇವರು ಜೇಬಿನಿಂದ ಒಂದು ಚೀಟಿ ತೆಗೆದರು.

"ಕಥೆ ನಿನ್ನದು. ನಿನ್ನ ಸಹಿ ಇಲ್ಲದೆ ಬೇರೆ ಮಕ್ಕಳಿಗೆ ಇಶ್ಯೂ ಮಾಡೋ ಹಾಗಿಲ್ಲ."

ಕನ್ನಡಕ ಹಾಕಿಕೊಂಡು ನೋಡಿದೆ. 'ಯಾರಿಗೆ' ಎಂಬಲ್ಲಿ 'ಕೇಳಿದವರಿಗೆಲ್ಲ' ಎಂದಿತ್ತು. 'ವಾಪಸ್ ದಿನ' ಎಂಬಲ್ಲಿ 'ಬೇಡ' ಎಂದಿತ್ತು. ಸಹಿ ಮಾಡುವಾಗ ಅಕ್ಷರಗಳು ಯಾಕೋ ಮಂಜುಮಂಜಾದವು.

"ಅಪ್ಪಾ, ವಿನು! ಕೇಳು!" ಎಂದು ಮೊಮ್ಮಗಳು ಟ್ಯಾಬನ್ನು ತಟ್ಟೆಯ ಪಕ್ಕಕ್ಕೇ ಎಳೆದುಕೊಂಡು ಓದತೊಡಗಿದಳು. ಪುಟ ಮುಗಿಯಿತು. ಪಪ್ಪು ಮೆತ್ತಿದ ಬೆರಳಲ್ಲೇ ಸರಕ್ಕನೆ ಪುಟ ಸರಿಸಿದಳು. ಸೊಸೆ ಉಸಿರು ಹಿಡಿದಳು. ಮಗನ ತುತ್ತು ಅರ್ಧಕ್ಕೇ ನಿಂತಿತು.

ಇವರು ಹೆಗಲ ಮೇಲಿನ ಟವೆಲಿನ ತುದಿಯಿಂದ ಟ್ಯಾಬನ್ನು ಮೆಲ್ಲಗೆ ಒರೆಸಿದರು.

"ಬಸ್ ಹತ್ತಿದ್ ಮೇಲೆ ಏನಾಯ್ತು? ಓದಮ್ಮ."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಪಪ್ಪು ಬಡಿಸಿದೆ. ಇಂಡೆಂಟ್ ಕೇಳಲಿಲ್ಲ.