ಜೋಳ ಮುರಿಯುವ ಆಳೂ ಹಡಗಿನ ಆಳೂ

ನನ್ನ ಅಕ್ಷರ ಅಂದವಾಗಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಪದ ತಪ್ಪಿದ್ದರೆ ದಯವಿಟ್ಟು ತಿದ್ದಿಕೊಂಡು ಓದಿ.

(ಬೆಳಗ್ಗೆ, ತಿಗನಾರೆ ರಸ್ತೆ. ತನ್ನ ಹೊಲದ ಮುಸುಕಿನ ಜೋಳ ಮುರಿಯಲು, ನಾವೀಗ ಇರುವ ತಿಗನಾರೆಯ ಮಲ್ಲಿಗಮ್ಮ ಆಳು ತುಂಬಿಸಿಕೊಂಡು ಹೊರಟ ಗೂಡ್ಸ್ ಆಟೋವನ್ನು ಗುಮಟಾಪುರದ ಜಡೇಸ್ವಾಮಿ ಅಡ್ಡಗಟ್ಟಿದ್ದಾನೆ. ಅವನ ಹೊಲದಲ್ಲೂ ಜೋಳ ನಿಂತಿದೆ, ಆನೆಗಳು ದಾರಿ ಕಂಡುಕೊಂಡಿವೆ. ನಮ್ಮ ತುಂಡು ಹೊಲದ ಜೋಳವೂ ನಿಂತಿದೆ, ಅದನ್ನು ಯಾರೂ ಎಣಿಸಿಲ್ಲ. ನಾನು ಆಟೋದೊಳಗೆ ಗ್ರಂಥಾಲಯದ ಚರಿತ್ರೆ ಪುಸ್ತಕ ಹಿಡಿದು ಕೂತಿದ್ದೇನೆ.)

ಜಡೇಸ್ವಾಮಿ: ಮಮತಾ, ಇಳಿಯವ್ವ. ನೀ ಉಟ್ಟಿದ್ದು ನಮ್ಮೂರಲ್ಲಿ. ನಮ್ಮೂರ ಆಳು ನಮಗೇ.

ಮಲ್ಲಿಗಮ್ಮ: ಉಟ್ಟಿದ್ದು ಅಲ್ಲಿ, ಉಣ್ಣಾದು ಇಲ್ಲಿ. ಆಟೋ ನಾ ಕರ್ಸಿದ್ದು ಕಣ್ಲಾ, ಕೈ ತಗಿ.

ಜಡೇಸ್ವಾಮಿ: ಆಟೋ ಕರ್ಸುದ್ರೆ ಒಳಗಿರೋರೂ ನಿನ್ನೋರಾ ಅಕ್ಕ?

ನಾನು: ಈ ಬುಕ್ಕಲ್ಲೂ ಇದೇ ಜಗಳ. ಸಾವಿರದ ಎಂಟುನೂರ ಹನ್ನೆರಡರಲ್ಲಿ ಅಮೇರಿಕದೋರೂ ಬ್ರಿಟಿಷರೂ ಯುದ್ಧ ಮಾಡುದ್ರು. ಬ್ರಿಟಿಷರು ಅಮೇರಿಕದ ಹಡಗು ನಿಲ್ಸಿ, ನೀ ನಮ್ಮ ನಾಡಲ್ಲಿ ಉಟ್ಟೋನು ಅಂತ ಆಳುಗಳ್ನ ಎಳ್ಕೊಂಡು ಓಯ್ತಿದ್ರಂತೆ.

ಮಲ್ಲಿಗಮ್ಮ: ಕೇಳ್ದ್ಯಾ? ಬ್ರಿಟಿಷು ನೀನು. ನಮ್ಮ ತಾತಂದಿರು ಓಡ್ಸಿದ್ದು ನಿನ್ನನ್ನೇ.

ಜಡೇಸ್ವಾಮಿ: ಪಾಪ, ಅವರಿಗೂ ಆಳು ಸಿಕ್ತಿರ್ನಿಲ್ಲ ಅನ್ಸುತ್ತೆ.

ನಾನು: ಫ್ರಾನ್ಸಿನ ಮೇಲೆ ಯುದ್ಧ ನಡೀತಿತ್ತು, ಆಳು ಸಾಲ್ತಿರ್ನಿಲ್ಲ. ಫ್ರಾನ್ಸಿನೋರ ಜೊತೆ ಯಾಪಾರ ಮಾಡಬ್ಯಾಡಿ ಅಂತ ಅಮೇರಿಕದೋರಿಗೂ ಅಡ್ಡ ಆಕುದ್ರು.

ಮಲ್ಲಿಗಮ್ಮ: ಸತ್ಯಮಂಗಲದ ಯಾಪಾರಿಗೆ ಜೋಳ ಆಕ್ಬ್ಯಾಡ ಅಂದೋನೂ ಇವ್ನೇ. ಓದವ್ವ, ಬುಕ್ಕು ಚೆಂದಾಗದ.

ನಾನು: ಅಮೇರಿಕದೋರಿಗೂ ಪಕ್ಕದ ಕೆನಡಾ ಮೇಲೆ ಕಣ್ಣಿತ್ತಂತೆ. ಮೊದಲಿಂದ ಅಲ್ಲೇ ಇದ್ದ ಜನರ ನೆಲನೂ ಒತ್ಕೊಂಡು ಬತ್ತಿದ್ರಂತೆ.

ಜಡೇಸ್ವಾಮಿ: ಬದು ಒತ್ತಾದೂ ಬರ್ದವ್ರಾ? ಅಕ್ಕ, ನಿನ್ನ ಪಕ್ಕದೊಲದ ಚಿಕ್ಕಸಿದ್ದನ ಬದು ಈಗೆಲ್ಲದ?

ಮಲ್ಲಿಗಮ್ಮ: ಮುಚ್ಚವ್ವ ಆ ಬುಕ್ಕ. ಯಾವನೋ ಗ್ಯಾನ ಇಲ್ದೋನು ಬರ್ದವ್ನೆ.

ಜಡೇಸ್ವಾಮಿ: ಗೆದ್ದೋರು ಯಾರು, ಅದೇಳು.

ನಾನು: ಯಾರೂ ಇಲ್ಲ. ಅವರವರ ನೆಲ ಅವರವರಿಗೇ ಬಂತು. ಹಡಗಿನ ಆಳುಗಳ ಇಚಾರ ಮಾತ್ರ ಒಪ್ಪಂದದಲ್ಲಿ ಬರೀಲೇ ಇಲ್ಲ.

(ನಾನು ಪುಸ್ತಕ ಮುಚ್ಚಿದೆ. ಇದೇ ಸಮಯವೆಂದು ಧೈರ್ಯ ಮಾಡಿದೆ.)

ನಾನು: ಇವತ್ತು ನಮ್ಮೊಲದಲ್ಲೂ ಜೋಳ...

ಇಬ್ಬರೂ: ನಿನ್ನ ಯಾರು ಕೇಳುದ್ರು?

(ಬೆಳಗ್ಗೆಯಿಂದ ಅವರು ಒಪ್ಪಿದ ಮಾತು ಇದೊಂದೇ. ಆಮೇಲೆ ರಾಜಿ ಬೇಗ ಮುಗಿಯಿತು: ಮಧ್ಯಾಹ್ನದವರೆಗೆ ನಾನು ಮಲ್ಲಿಗಮ್ಮನಿಗೆ, ಆಮೇಲೆ ಜಡೇಸ್ವಾಮಿಗೆ. ಇಬ್ಬರೂ ವೀಳ್ಯ ಹಾಕಿಕೊಂಡರು.)

ನಾಳೆ ಯಾರ ಆಟೋ ಬಂದರೂ ನಾನು ಹತ್ತುವುದಿಲ್ಲ. ಅಮ್ಮನ ಜೊತೆ ನಮ್ಮ ಹೊಲದ ಜೋಳ ಮುರಿಯುತ್ತೇನೆ.